ಎಸ್‌ಯುವಿ ಮತ್ತು ಸಾರ್ವಜನಿಕ ರಸ್ತೆ: ಹೆದ್ದಾರಿ 766ರ ಎರಡು ಊರುಗಳಿಂದ ಕಂಡಂತೆ

ಕೇರಳದ ಕೋಯಿಕ್ಕೋಡಿನಲ್ಲಿ ಹುಟ್ಟುವ ರಾಷ್ಟ್ರೀಯ ಹೆದ್ದಾರಿ 766 ವಯನಾಡು, ಬಂಡೀಪುರ, ಗುಂಡ್ಲುಪೇಟೆ ದಾಟಿ ನಂಜನಗೂಡಿಗೆ ಬರುತ್ತದೆ. ಅಲ್ಲಿಂದ ಮೈಸೂರು ಮುಟ್ಟಿ, ತಿ. ನರಸೀಪುರದ ಮೂಲಕ ಕೊಳ್ಳೇಗಾಲ ಸೇರುತ್ತದೆ. ಮೈಸೂರು ಜಿಲ್ಲೆಯ ನಂಜನಗೂಡು, ನರಸೀಪುರ ಎಂಬ ಎರಡು ತಾಲ್ಲೂಕು ಕೇಂದ್ರಗಳನ್ನು ಹೀಗೆ ಒಂದೇ ಹೆದ್ದಾರಿ ಪೋಣಿಸಿದೆ. ಊಟಿ, ವಯನಾಡು, ತಲಕಾಡು, ಮಹದೇಶ್ವರ ಬೆಟ್ಟಕ್ಕೆ ಹೊರಟ ದೊಡ್ಡ ಕಾರುಗಳೂ, ಕಬ್ಬು ಹೊತ್ತ ಟ್ರ್ಯಾಕ್ಟರ್‌ಗಳೂ, ಕಾರ್ಖಾನೆಯ ಪಾಳಿ ಮುಗಿಸಿ ಬೈಕಿನಲ್ಲಿ ಮನೆಗೆ ಹೋಗುವವರೂ ಬಳಸುವುದು ಇದೇ ರಸ್ತೆಯನ್ನು.

ಎಸ್‌ಯುವಿಗಳಂಥ ಎತ್ತರದ, ಭಾರದ ಖಾಸಗಿ ವಾಹನಗಳಿಗೆ ಸಾರ್ವಜನಿಕ ರಸ್ತೆಯಲ್ಲಿ ಜಾಗ ಇರಬೇಕೆ, ಇದ್ದರೆ ಯಾವ ಷರತ್ತಿನ ಮೇಲೆ ಎಂಬ ಚರ್ಚೆ ಜಗತ್ತಿನ ಹಲವೆಡೆ ನಡೆದಿದೆ. ಪ್ಯಾರಿಸ್‌ನಂಥ ನಗರಗಳಲ್ಲಿ ಅದು ಪಾರ್ಕಿಂಗ್ ಮತ್ತು ಹೊಗೆಯ ಪ್ರಶ್ನೆ. ನಂಜನಗೂಡು, ನರಸೀಪುರದಂಥ ಕಡೆ ಅದು ಮೊದಲು ಜೀವದ ಪ್ರಶ್ನೆ.

ಎಸ್‌ಯುವಿ ಎಂದರೆ ಯಾವುದು?

ಸ್ಪೋರ್ಟ್ ಯುಟಿಲಿಟಿ ವೆಹಿಕಲ್ ಎಂಬುದರ ಸಂಕ್ಷಿಪ್ತ ರೂಪ ಎಸ್‌ಯುವಿ. ನೆಲದಿಂದ ಎತ್ತರದಲ್ಲಿ ಕೂತ ಒಡಲು, ನೆಟ್ಟಗಿನ ಮುಂಭಾಗ, ಚಾಲಕನಿಗೆ ಮೇಲಿನಿಂದ ನೋಡಿದಂಥ ನೋಟ, ಇವು ಅದರ ಗುರುತು. ಜಿಎಸ್‌ಟಿ ಮಂಡಳಿ ಹಲವು ವರ್ಷ ಮೂರು ಅಳತೆಗಳನ್ನು ಆಧಾರವಾಗಿ ಇಟ್ಟುಕೊಂಡಿತ್ತು: 4,000 ಮಿಲಿಮೀಟರ್‌ಗಿಂತ ಹೆಚ್ಚು ಉದ್ದ, 1,500 ಸಿಸಿಗಿಂತ ದೊಡ್ಡ ಎಂಜಿನ್, ಕನಿಷ್ಠ 170 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್. ಇಷ್ಟಿದ್ದರೆ ಹೆಸರು ಎಸ್‌ಯುವಿ ಇರಲಿ, ಎಂಪಿವಿ ಇರಲಿ, ತೆರಿಗೆ ಒಂದೇ ಎಂದು 2023ರ ಜುಲೈನಲ್ಲಿ ಮಂಡಳಿ ಸ್ಪಷ್ಟಪಡಿಸಿತು.

ಮಾರುಕಟ್ಟೆಯಲ್ಲಿ ಈ ಹೆಸರು ಇನ್ನೂ ಸಡಿಲವಾಗಿದೆ. ನಾಲ್ಕು ಮೀಟರ್ ಒಳಗಿನ, ಸಣ್ಣ ಕಾರಿನ ತಳಹದಿಯ ಮೇಲೆ ಕಟ್ಟಿದ ‘ಕಾಂಪ್ಯಾಕ್ಟ್’ ಗಾಡಿಗಳಿಂದ ಹಿಡಿದು ಎರಡು ಟನ್ ದಾಟುವ ಫಾರ್ಚೂನರ್‌ವರೆಗೆ ಎಲ್ಲವೂ ಎಸ್‌ಯುವಿಯೇ. ಆದ್ದರಿಂದ ಚರ್ಚೆ ನಡೆಯಬೇಕಾದ್ದು ಹೆಸರಿನ ಮೇಲಲ್ಲ. ತೂಕ, ಅಗಲ, ಬಾನೆಟ್ಟಿನ ಎತ್ತರಗಳ ಮೇಲೆ.

ಜೀಪಿನಿಂದ ಇಲ್ಲಿಯವರೆಗೆ

ಭಾರತದಲ್ಲಿ ಈ ಬಗೆಯ ವಾಹನದ ಕಥೆ ಜೀಪಿನಿಂದ ಶುರು. 1940ರ ದಶಕದ ಕೊನೆಯಲ್ಲಿ ಮಹೀಂದ್ರಾ ಕಂಪನಿ ವಿಲ್ಲೀಸ್ ಜೀಪುಗಳನ್ನು ಮುಂಬೈಯಲ್ಲಿ ಜೋಡಿಸತೊಡಗಿತು. ಅರಣ್ಯ ಇಲಾಖೆ, ಪೊಲೀಸ್ ಠಾಣೆ, ತಾಲ್ಲೂಕು ಕಚೇರಿ, ಕಾಫಿ ತೋಟ, ಹೀಗೆ ಕೆಲಸವಿದ್ದಲ್ಲಿ ಜೀಪು ಇತ್ತು. 1994ರಲ್ಲಿ ಟಾಟಾ ಸುಮೊ, 2000ದಲ್ಲಿ ಬೊಲೆರೊ, 2002ರಲ್ಲಿ ಸ್ಕಾರ್ಪಿಯೊ ಬಂದವು. ನಮ್ಮ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ, 2009ರಲ್ಲಿ ಫಾರ್ಚೂನರ್ ಹೊರಬಂದವು. ಮೈಸೂರು ಸೀಮೆಯ ಬಾಡಿಗೆ ಗಾಡಿಗಳಲ್ಲಿ ಕ್ವಾಲಿಸ್ ಮತ್ತು ಇನ್ನೋವಾ ಮನೆಮಾತಾದವು.

ದೊಡ್ಡ ತಿರುವು ಬಂದದ್ದು 2012ರ ನಂತರ. ಡಸ್ಟರ್, ಇಕೊಸ್ಪೋರ್ಟ್, ಕ್ರೆಟಾ, ಬ್ರೆಝಾಗಳು ಎಸ್‌ಯುವಿಯನ್ನು ಮಧ್ಯಮ ವರ್ಗದ ಮನೆಯಂಗಳಕ್ಕೆ ತಂದವು. 2024–25ರಲ್ಲಿ ದೇಶದಲ್ಲಿ ಮಾರಾಟವಾದ ಸುಮಾರು 43 ಲಕ್ಷ ಪ್ರಯಾಣಿಕ ವಾಹನಗಳಲ್ಲಿ 28 ಲಕ್ಷದಷ್ಟು ಯುಟಿಲಿಟಿ ವಾಹನಗಳೇ, ಅಂದರೆ ಶೇ 65. ಒಂದು ಕಾಲಕ್ಕೆ ಕೆಲಸದ ಗಾಡಿಯಾಗಿದ್ದದ್ದು ಈಗ ಸಾಮಾನ್ಯ ಕಾರಿನ ಜಾಗವನ್ನೇ ಹಿಡಿದಿದೆ. ‘ಅಪರೂಪಕ್ಕೊಂದು ದೊಡ್ಡ ಗಾಡಿ, ಹೋಗಲಿ ಬಿಡಿ’ ಎನ್ನುವ ಕಾಲ ಮುಗಿಯಿತು.

ಈ ರಸ್ತೆ ಯಾರು ಯಾರದ್ದು?

ನಂಜನಗೂಡಿನ ಕಪಿಲಾ ನದಿಗೆ 1735ರಲ್ಲಿ ಕಟ್ಟಿದ ಸೇತುವೆ ಇದೆ. ಎತ್ತಿನಗಾಡಿಯ ಕಾಲದಲ್ಲಿ ಕಟ್ಟಿದ ಆ ಸೇತುವೆ ಮುಂದೆ ರಸ್ತೆ ಮತ್ತು ರೈಲು ಎರಡನ್ನೂ ಹೊತ್ತಿತು. ಹಂಚಿಕೊಂಡು ಬಳಸುವುದೇ ಈ ಸೀಮೆಯ ರಸ್ತೆಗಳ ಹಳೆಯ ರೂಢಿ. ಇಂದಿಗೂ ಹಂಚಿಕೊಳ್ಳುವವರ ಪಟ್ಟಿ ಉದ್ದವಿದೆ.

ನಂಜನಗೂಡು ತಾಲ್ಲೂಕಿನ ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್‌ಗಳು ನುರಿಯುವ ಹಂಗಾಮಿನಲ್ಲಿ ಸಾಲುಗಟ್ಟುತ್ತವೆ. ಟ್ರೈಲರಿನ ಅಗಲ ಮೀರಿ ಆಚೀಚೆ ಚಾಚಿದ ಕಬ್ಬಿನ ಸುಳಿ ಹಿಂದಿನ ದೀಪವನ್ನೇ ಮುಚ್ಚಿಬಿಡುತ್ತದೆ. ಕತ್ತಲಲ್ಲಿ ಹಿಂದಿನಿಂದ ಬರುವವನಿಗೆ ಅದು ಕಾಣುವುದು ತೀರ ಹತ್ತಿರ ಬಂದ ಮೇಲೆ. ಕೊಯ್ಲು ಮುಗಿದ ಮೇಲೆ ಒಳರಸ್ತೆಗಳಲ್ಲಿ ಹುರುಳಿ, ರಾಗಿ ಹರಡಿ ವಾಹನಗಳ ಚಕ್ರದಿಂದಲೇ ಒಕ್ಕಣೆ ಮಾಡಿಸುತ್ತಾರೆ. ಕಣಕ್ಕೆ ಜಾಗವಿಲ್ಲ, ಆಳು ಸಿಗುವುದಿಲ್ಲ ಎಂಬುದು ರೈತರ ಮಾತು. ಹುರುಳಿ ಸೊಪ್ಪಿನ ಮೇಲೆ ಜಾರಿ ಬೀಳುವುದು ಮಾತ್ರ ಬೈಕಿನವನು. ಎಸ್‌ಯುವಿಗೆ ಅದು ತಟ್ಟುವುದೂ ಇಲ್ಲ.

ಇನ್ನು ಭಕ್ತರು. ನಂಜುಂಡೇಶ್ವರನ ದೊಡ್ಡ ಜಾತ್ರೆ, ಸುತ್ತೂರು ಜಾತ್ರೆ, ನರಸೀಪುರದ ತ್ರಿವೇಣಿ ಸಂಗಮದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆಯಂತೆ ನಡೆದುಬಂದ, ಕಳೆದ ಬಾರಿ 2025ರ ಫೆಬ್ರುವರಿಯಲ್ಲಿ ಜರುಗಿದ ಕುಂಭಮೇಳ, ಮುಡುಕುತೊರೆ ಜಾತ್ರೆ, ಇವುಗಳಿಗೆಲ್ಲ ಜನ ನಡೆದೂ ಬರುತ್ತಾರೆ, ಗಾಡಿಯಲ್ಲೂ ಬರುತ್ತಾರೆ. ಮೈಸೂರಿನಿಂದ ನಂಜನಗೂಡಿಗೆ ಹರಕೆ ಹೊತ್ತು ಬರಿಗಾಲಲ್ಲಿ ರಾತ್ರಿ ನಡೆಯುವವರಿಗೆ ಇರುವ ಜಾಗ ಡಾಂಬರಿನ ಅಂಚಷ್ಟೆ. ಇದೇ ನಂಜನಗೂಡು ರಸ್ತೆಯಲ್ಲಿ, ಕಡಕೊಳದ ಬಳಿ, ಟಿವಿಎಸ್ ಕಂಪನಿಯ ದ್ವಿಚಕ್ರ ವಾಹನ ಕಾರ್ಖಾನೆಯೂ ಇದೆ. ಈ ಭಾಗದ ದುಡಿಯುವ ಮನೆಗಳಿಗೆ ಕುಟುಂಬದ ವಾಹನವೆಂದರೆ ಬೈಕು ಅಥವಾ ಸ್ಕೂಟರೇ.

ಸಾಯುತ್ತಿರುವವರೂ ಇವರೇ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಶೇ 44ಕ್ಕೂ ಹೆಚ್ಚು ದ್ವಿಚಕ್ರ ಸವಾರರು, ಶೇ 19ಕ್ಕೂ ಹೆಚ್ಚು ಪಾದಚಾರಿಗಳು. ಇವರಿಬ್ಬರನ್ನೇ ಕೂಡಿಸಿದರೆ ಸತ್ತ ಪ್ರತಿ ಹತ್ತು ಜನರಲ್ಲಿ ಆರಕ್ಕೂ ಹೆಚ್ಚು ಮಂದಿಗೆ ಸುತ್ತ ಕಬ್ಬಿಣದ ಕವಚವೇ ಇರಲಿಲ್ಲ.

ತೂಕ, ವೇಗ, ಬಾನೆಟ್ಟಿನ ಎತ್ತರ

ಅಪಘಾತದ ಪೆಟ್ಟು ಎಷ್ಟು ಬೀಳುತ್ತದೆ ಎಂಬುದನ್ನು ಮುಖ್ಯವಾಗಿ ಮೂರು ಸಂಗತಿ ನಿರ್ಧರಿಸುತ್ತವೆ.

ಮೊದಲನೆಯದು ತೂಕ. ಚಲಿಸುವ ವಾಹನದ ಶಕ್ತಿ ತೂಕ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಎರಡು ಟನ್ನಿನ ಗಾಡಿಯಲ್ಲಿ ಇರುವ ಶಕ್ತಿ, ಸುಮಾರು 85 ಕಿ.ಮೀ. ವೇಗದಲ್ಲಿರುವ ಒಂದು ಟನ್ನಿನ ಕಾರಿನ ಶಕ್ತಿಗೆ ಸಮ. ಸವಾರನೂ ಸೇರಿ ಇನ್ನೂರು ಕಿಲೊ ತೂಗದ ಬೈಕಿಗೆ ಅಂಥ ಗಾಡಿ ಗುದ್ದಿದರೆ ಪೆಟ್ಟನ್ನೆಲ್ಲ ಹೀರುವುದು ಬೈಕು ಮತ್ತು ಸವಾರನ ದೇಹ.

ಎರಡನೆಯದು ವೇಗ. ತೂಕ ಎರಡರಷ್ಟಾದರೆ ಶಕ್ತಿ ಎರಡರಷ್ಟು. ವೇಗ ಎರಡರಷ್ಟಾದರೆ ನಾಲ್ಕರಷ್ಟು. 60ರಿಂದ 80ಕ್ಕೆ ಏರಿದರೆ ಶಕ್ತಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬೆಳೆಯುತ್ತದೆ. ಗದ್ದಲ, ಅದುರುವಿಕೆ ಒಳಗೆ ಬಾರದಂತೆ ಕಟ್ಟಿದ ಇಂದಿನ ದೊಡ್ಡ ಗಾಡಿಯಲ್ಲಿ ಎತ್ತರಕ್ಕೆ ಕೂತವನಿಗೆ 80 ಎಂಬುದು 50ರಂತೆ ಭಾಸವಾಗುತ್ತದೆ. ಅಪಾಯದ ಮೂಲ ಈ ಭಾಸದಲ್ಲಿದೆ.

ಮೂರನೆಯದು ಬಾನೆಟ್ಟಿನ ಎತ್ತರ. ತಗ್ಗಿನ ಕಾರು ಗುದ್ದಿದಾಗ ಪೆಟ್ಟು ಕಾಲಿಗೆ ಬಿದ್ದು, ಮನುಷ್ಯ ಬಾನೆಟ್ಟಿನ ಮೇಲೆ ಉರುಳುತ್ತಾನೆ. ಎತ್ತರದ, ನೆಟ್ಟಗಿನ ಮುಂಭಾಗ ಗುದ್ದಿದಾಗ ಪೆಟ್ಟು ಸೊಂಟ, ಎದೆಗೆ ಬೀಳುತ್ತದೆ. ಬಿದ್ದವನು ಗಾಡಿಯಡಿಗೆ ಹೋಗುವ ಸಂಭವವೂ ಹೆಚ್ಚು. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ ಸುಮಾರು 18,000 ಪಾದಚಾರಿ ಅಪಘಾತಗಳನ್ನು ಪರಿಶೀಲಿಸಿ 2023ರ ನವೆಂಬರ್‌ನಲ್ಲಿ ವರದಿ ಕೊಟ್ಟಿತು. 40 ಅಂಗುಲಕ್ಕಿಂತ ಎತ್ತರದ ಬಾನೆಟ್ಟಿನ ವಾಹನ ಗುದ್ದಿದರೆ ಪಾದಚಾರಿ ಸಾಯುವ ಸಂಭವ, 30 ಅಂಗುಲದೊಳಗಿನ ಇಳಿಜಾರು ಬಾನೆಟ್ಟಿನ ಕಾರಿಗಿಂತ ಶೇ 45ರಷ್ಟು ಹೆಚ್ಚು ಎಂದು ಅದು ಕಂಡುಕೊಂಡಿತು. 40 ಅಂಗುಲವೆಂದರೆ ಒಂದು ಮೀಟರ್‌ಗಿಂತ ತುಸು ಜಾಸ್ತಿ; ಒಂದನೇ ತರಗತಿಯ ಮಗುವಿನ ಕೊರಳ ಮಟ್ಟ. ಅಂಥ ಗಾಡಿಯ ಮುಂದೆ ತೀರ ಹತ್ತಿರ ನಿಂತ ಮಗು ಚಾಲಕನಿಗೆ ಕಾಣದೇ ಹೋಗಬಹುದು.

ಇದರ ಮೇಲೆ ಕಬ್ಬಿಣದ ಬುಲ್ ಗಾರ್ಡ್ ಹಾಕಿಸುವ ಚಟವೂ ಇದೆ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಇದು ಕಾನೂನುಬಾಹಿರ, ಕ್ರಮ ಕೈಗೊಳ್ಳಿ ಎಂದು ರಾಜ್ಯಗಳಿಗೆ ಬರೆಯಿತು. ಪಾದಚಾರಿಗೆ ಪೆಟ್ಟು ಹೆಚ್ಚುವುದಲ್ಲದೆ, ಗುದ್ದುವಾಗ ಮಡಚಿಕೊಳ್ಳಬೇಕಾದ ಮುಂಭಾಗ ಮಡಚದೆ, ಏರ್‌ಬ್ಯಾಗ್ ತೆರೆಯುವ ಹೊತ್ತು ತಪ್ಪಿ ಒಳಗಿರುವವರಿಗೂ ಅಪಾಯವಾಗಬಹುದು.

ಹಳ್ಳಿ ರಸ್ತೆಯ ಅಗಲದ ಲೆಕ್ಕ

ಹೆದ್ದಾರಿಯಿಂದ ಊರೊಳಕ್ಕೆ ತಿರುಗುವ ಒಂಟಿ ಪಥದ ರಸ್ತೆಯ ಡಾಂಬರಿನ ಅಗಲ ಮಾನದಂಡದ ಪ್ರಕಾರ 3.75 ಮೀಟರ್. ಕೆಲವೆಡೆ ಮೂರೇ ಮೀಟರ್. ಆಲ್ಟೊ ಕೆ10 ಕಾರಿನ ಅಗಲ 1.49 ಮೀಟರ್; ಎರಡು ಆಲ್ಟೊ ಎದುರಾದರೆ 2.98 ಮೀಟರ್ ಸಾಕು, ನಡುವೆ ಮುಕ್ಕಾಲು ಮೀಟರ್ ಉಳಿಯುತ್ತದೆ. ಸ್ಕಾರ್ಪಿಯೊ-ಎನ್ ಅಗಲ 1.917 ಮೀಟರ್. ಎರಡು ಎದುರಾದರೆ ಕನ್ನಡಿಗಳನ್ನು ಬಿಟ್ಟರೂ 3.83 ಮೀಟರ್ ಬೇಕು. ಅಂದರೆ ರಸ್ತೆ ಸಾಲದು. ಎರಡೂ ಗಾಡಿಗಳ ಒಂದೊಂದು ಬದಿಯ ಚಕ್ರ ಮಣ್ಣಿಗೆ ಇಳಿಯಲೇಬೇಕು.

ಆ ಮಣ್ಣಿನ ಅಂಚು ಖಾಲಿ ಇರುವುದಿಲ್ಲ. ಹಾಲಿನ ಡೇರಿಗೆ ಕ್ಯಾನ್ ಹಿಡಿದು ಹೊರಟ ಹೆಂಗಸು, ಮೇವಿನ ಹೊರೆ ಹೊತ್ತವರು, ಶಾಲೆಯ ಮಕ್ಕಳು ನಡೆಯುವುದು ಅಲ್ಲೇ. ಮಳೆಗಾಲದಲ್ಲಿ ಡಾಂಬರಿಗೂ ಮಣ್ಣಿಗೂ ಗೇಣುದ್ದ ಕೊರಕಲು ಬಿದ್ದಿರುತ್ತದೆ. ಎಸ್‌ಯುವಿ ಲೀಲಾಜಾಲವಾಗಿ ಇಳಿದು ಹತ್ತುತ್ತದೆ. ಅದಕ್ಕೆ ದಾರಿ ಬಿಡಲು ಹೋದ ಸ್ಕೂಟರ್ ಮಗುಚುತ್ತದೆ. ಗಾಡಿ ಅಗಲವಾದಷ್ಟು ಬೇರೆಯವರ ಪಾಲಿನ ರಸ್ತೆ ಕಿರಿದಾಗುತ್ತದೆ ಎಂಬುದನ್ನು ಇಲ್ಲಿ ಅಳತೆಪಟ್ಟಿಯಲ್ಲೇ ತೋರಿಸಬಹುದು.

ಕುರುಬೂರಿನ ಅಪಘಾತ

2023ರ ಮೇ 29ರಂದು ತಿ. ನರಸೀಪುರ ಬಳಿಯ ಕುರುಬೂರಿನಲ್ಲಿ ಖಾಸಗಿ ಬಸ್ಸಿಗೂ ಇನ್ನೋವಾ ಕಾರಿಗೂ ಎದುರುಬದುರು ಡಿಕ್ಕಿಯಾಗಿ, ಕಾರಿನಲ್ಲಿದ್ದ ಹತ್ತು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಬಳ್ಳಾರಿ ಬಳಿಯ ಸಂಗನಕಲ್ಲಿನಿಂದ ಪ್ರವಾಸ ಬಂದಿದ್ದವರು. ಕೊಳ್ಳೇಗಾಲ ಕಡೆಯ ಆ ರಸ್ತೆಯಲ್ಲಿ ನಡುವೆ ವಿಭಜಕ ಇರಲಿಲ್ಲ. ಬಸ್ಸಿನಲ್ಲಿದ್ದ ಕ್ಯಾಮೆರಾದ ದೃಶ್ಯವನ್ನು ನಾಡೆಲ್ಲ ನೋಡಿತು.

ಈ ಅಪಘಾತದ ಹೊಣೆ ಯಾರದ್ದೆಂದು ಹೇಳುವುದು ಈ ಲೇಖನದ ಕೆಲಸವಲ್ಲ. ಎಸ್‌ಯುವಿ ಚರ್ಚೆಗೆ ಅದರಿಂದ ಸಿಗುವ ಪಾಠ ಬೇರೆ. ಬೈಕಿನ ಮುಂದೆ ಇನ್ನೋವಾ ಎಷ್ಟು ಭಾರವೋ, ಬಸ್ಸು, ಲಾರಿಗಳ ಮುಂದೆ ಇನ್ನೋವಾ ಅಷ್ಟೇ ಹಗುರ. ದೊಡ್ಡ ಗಾಡಿ ಕೊಂಡರೆ ಮನೆಯವರು ಸುರಕ್ಷಿತ ಎಂಬ ನಂಬಿಕೆ ತನಗಿಂತ ದೊಡ್ಡದು ಎದುರಾಗುವವರೆಗೆ ಮಾತ್ರ ನಿಲ್ಲುತ್ತದೆ. ಪ್ರತಿಯೊಬ್ಬರೂ ತೂಕ ಏರಿಸುತ್ತ ಹೋದರೆ ಸುರಕ್ಷತೆ ಯಾರಿಗೂ ಹೆಚ್ಚುವುದಿಲ್ಲ. ಕೆಳಗಿನ ಮೆಟ್ಟಿಲಲ್ಲಿರುವ ಬೈಕಿನವನ ಸಾವು ಮಾತ್ರ ಇನ್ನಷ್ಟು ಖಚಿತವಾಗುತ್ತದೆ. ವಿಭಜಕವಿಲ್ಲದ ರಸ್ತೆಯಲ್ಲಿ ಇನ್ನೋವಾದಲ್ಲಿದ್ದವರನ್ನೂ ಬೈಕಿನಲ್ಲಿದ್ದವರನ್ನೂ ಸಮನಾಗಿ ಕಾಯಬಲ್ಲದ್ದು ಒಂದೇ, ಎಲ್ಲರ ವೇಗ ಇಳಿಯುವುದು.

ಎಸ್‌ಯುವಿ ಪರವಾದ ವಾದ

ದೊಡ್ಡ ಗಾಡಿ ಕೊಳ್ಳುವವರೆಲ್ಲ ಜಂಬಕ್ಕೆ ಕೊಳ್ಳುತ್ತಾರೆ ಎನ್ನುವುದು ಅನ್ಯಾಯ. ಅವರ ಕಾರಣಗಳಲ್ಲಿ ಹುರುಳಿದೆ.

ಒಂದು, ರಸ್ತೆಯ ಸ್ಥಿತಿ. ಲೆಕ್ಕಾಚಾರವಿಲ್ಲದೆ ಎತ್ತರಿಸಿದ ಹಂಪ್‌ಗಳು, ಗುಂಡಿಗಳು ತಗ್ಗಿನ ಕಾರಿನ ತಳ ಉಜ್ಜುತ್ತವೆ. ಎರಡು, ಕುಟುಂಬದ ಗಾತ್ರ. ಅಜ್ಜಿ, ತಾತ, ಮಕ್ಕಳನ್ನೆಲ್ಲ ಕೂರಿಸಿಕೊಂಡು ಬೆಟ್ಟಕ್ಕೋ ಬೀಗರೂಟಕ್ಕೋ ಹೋಗಲು ಏಳು ಆಸನದ ಒಂದು ಗಾಡಿ ಎರಡು ಕಾರಿಗಿಂತ ಮೇಲು. ಮಂಡಿ ನೋವಿನವರಿಗೆ ಎತ್ತರದ ಸೀಟಿಗೆ ಹತ್ತಿಳಿಯುವುದೂ ಸಲೀಸು. ಮೂರು, ಸುರಕ್ಷತೆ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ ಭಾರತದ ಹೆಸರಾಂತ ಸಣ್ಣ ಕಾರುಗಳು ಸೊನ್ನೆ ನಕ್ಷತ್ರ ಪಡೆದವು. 2018ರಲ್ಲಿ ಪೂರ್ತಿ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಕಾರು ಟಾಟಾ ನೆಕ್ಸಾನ್, ಒಂದು ಕಾಂಪ್ಯಾಕ್ಟ್ ಎಸ್‌ಯುವಿ. ಜನ ದೊಡ್ಡದರ ಕಡೆಗೆ ವಾಲಿದ್ದರಲ್ಲಿ ಆಶ್ಚರ್ಯವಿಲ್ಲ. ನಾಲ್ಕು, ದುಡಿಮೆ. ಬೊಲೆರೊ ಇಲ್ಲದಿದ್ದರೆ ಕಾಡಂಚಿನ ಎಷ್ಟೋ ಊರುಗಳಿಂದ ಬಸುರಿಯನ್ನು ಆಸ್ಪತ್ರೆಗೆ ಮುಟ್ಟಿಸುವುದು ಕಷ್ಟ.

ಆದರೆ ಇವುಗಳಲ್ಲಿ ಮೊದಲ ಮತ್ತು ಮೂರನೆಯ ಕಾರಣಗಳಿಗೆ ನಿಜವಾದ ಪರಿಹಾರ ಒಳ್ಳೆಯ ರಸ್ತೆ ಮತ್ತು ಗಟ್ಟಿಯಾದ ಸಣ್ಣ ಕಾರು. ಪ್ರವಾಹ ಬಂದಾಗಲೂ ಎಸ್‌ಯುವಿಯ ಎತ್ತರ ನೆರವಾಗುವುದಿಲ್ಲ: 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ಮಲ್ಲನಮೂಲೆ ಮಠದ ಬಳಿ ಮೈಸೂರು–ನಂಜನಗೂಡು ರಸ್ತೆ ಮುಳುಗಿದಾಗ ಸಂಚಾರ ನಿಂತದ್ದು ಎಲ್ಲರಿಗೂ.

ತೆರಿಗೆ ಮತ್ತು ಕಾನೂನು

ಭಾರತದಲ್ಲಿ ದೊಡ್ಡ ಕಾರಿಗೆ ತೆರಿಗೆ ಹೆಚ್ಚೇ ಇದೆ. 2025ರ ಸೆಪ್ಟೆಂಬರ್ 21ರವರೆಗೆ ದೊಡ್ಡ ಎಸ್‌ಯುವಿಗಳ ಮೇಲೆ ಸೆಸ್ ಸೇರಿ ಶೇ 50 ಇತ್ತು. ಈಗ ಶೇ 40. ನಾಲ್ಕು ಮೀಟರ್ ಒಳಗಿನ, 1,200 ಸಿಸಿ ಒಳಗಿನ ಪೆಟ್ರೋಲ್ ಅಥವಾ 1,500 ಸಿಸಿ ಒಳಗಿನ ಡೀಸೆಲ್ ಕಾರುಗಳಿಗೆ ಶೇ 18. ವಿದ್ಯುತ್ ವಾಹನಗಳಿಗೆ, ಬ್ಯಾಟರಿಯ ಭಾರ ಎಷ್ಟೇ ಇರಲಿ, ಶೇ 5. ಕರ್ನಾಟಕದ ಜೀವಿತಾವಧಿ ತೆರಿಗೆ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಬೆಲೆಯನ್ನು ನೋಡಿ ಶೇ 13ರಿಂದ 18ರವರೆಗೆ ಏರುತ್ತದೆ. ಈ ಯಾವ ಲೆಕ್ಕದಲ್ಲೂ ಕಾರಿನ ತೂಕಕ್ಕೆ ಜಾಗವಿಲ್ಲ, ಬಾನೆಟ್ಟಿನ ಎತ್ತರಕ್ಕಂತೂ ಇಲ್ಲವೇ ಇಲ್ಲ. ಅಂದರೆ ಸಿರಿವಂತಿಕೆಗೆ ತೆರಿಗೆ ಇದೆ, ಅಪಾಯಕ್ಕೆ ಇಲ್ಲ.

2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ, ನಮ್ಮದೇ ಡಿಕ್ಕಿ ಪರೀಕ್ಷೆಯಾದ ಭಾರತ್ ಎನ್‌ಕ್ಯಾಪ್‌ನ ನಕ್ಷತ್ರಗಳು ಮುಖ್ಯವಾಗಿ ಒಳಗೆ ಕೂತ ದೊಡ್ಡವರು, ಮಕ್ಕಳ ರಕ್ಷಣೆಯನ್ನು ಅಳೆಯುತ್ತವೆ. ಶೋರೂಮಿನಲ್ಲಿ ಐದು ನಕ್ಷತ್ರ ನೋಡಿ ಗಾಡಿ ಕೊಳ್ಳುವವನಿಗೆ, ಅದು ಹೊರಗಿನವನಿಗೆ ಎಷ್ಟು ಅಪಾಯಕಾರಿ ಎಂಬುದು ತಿಳಿಯುವುದಿಲ್ಲ. 2025ರ ಮೇ 14ರಂದು ಸುಪ್ರೀಂ ಕೋರ್ಟ್ ಪಾದಚಾರಿಗಳಿಗೆ ಸರಿಯಾದ ಫುಟ್‌ಪಾತ್ ಸಿಗುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು. ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಮುಂದೆ ನಿಂತು ನೋಡಿದರೆ ಈ ಹಕ್ಕು ಇನ್ನೂ ನೆಲಕ್ಕೆ ಇಳಿದಿಲ್ಲ ಎಂಬುದು ಗೊತ್ತಾಗುತ್ತದೆ.

ಎರಡು ನಿರ್ಬಂಧಗಳು

ರಸ್ತೆಯಲ್ಲಿ ಯಾರಿರಬೇಕು ಎಂಬುದನ್ನು ಸರ್ಕಾರ ನಿರ್ಧರಿಸಿದ ಎರಡು ಉದಾಹರಣೆಗಳು ಈ ಊರುಗಳ ಅಕ್ಕಪಕ್ಕದಲ್ಲೇ ಇವೆ.

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ ಅಪಘಾತಗಳು ಮಿತಿಮೀರಿದಾಗ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳನ್ನು ನಿಷೇಧಿಸಿ ಸರ್ವಿಸ್ ರಸ್ತೆಗೆ ಕಳಿಸಲಾಯಿತು. ಜೊತೆಗೆ ಕ್ಯಾಮೆರಾ ಹಾಕಿ ಗಂಟೆಗೆ 100 ಕಿ.ಮೀ. ಮಿತಿಯನ್ನೂ ಬಿಗಿಗೊಳಿಸಿದರು. ಸರ್ವಿಸ್ ರಸ್ತೆ ಇರುವಲ್ಲಿ ಇದಕ್ಕೆ ಅರ್ಥವಿದೆ. ಆದರೆ ಹೊರಗೆ ಹೋದದ್ದು ದುರ್ಬಲ ವಾಹನ ಎಂಬುದನ್ನು ಮರೆಯಬಾರದು.

ಇನ್ನೊಂದು ಹೆದ್ದಾರಿ 766ರ ಮೇಲೆಯೇ ಇದೆ. ಕಾಡುಪ್ರಾಣಿಗಳ ಸಾವು ತಡೆಯಲು ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಿ ಚಾಮರಾಜನಗರ ಜಿಲ್ಲಾಧಿಕಾರಿ 2009ರ ಜೂನ್‌ನಲ್ಲಿ ಆದೇಶ ಹೊರಡಿಸಿದರು. ಆಧಾರ ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್. ಎಷ್ಟೋ ವಿರೋಧದ ನಡುವೆ 2010ರ ಮಾರ್ಚ್‌ನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸ್, ತುರ್ತು ವಾಹನ, ಕೆಲವೇ ಬಸ್ಸುಗಳಿಗೆ ವಿನಾಯಿತಿ ಉಂಟು. ಇಲ್ಲಿ ಷರತ್ತು ಬಿದ್ದದ್ದು ಬಲಶಾಲಿಯ ಮೇಲೆ, ರಕ್ಷಣೆ ಸಿಕ್ಕಿದ್ದು ದಾಟುವ ಜಿಂಕೆ, ಆನೆಗಳಿಗೆ. ಜಿಂಕೆಗೆ ಕೊಟ್ಟ ಕಾಳಜಿಯನ್ನು ರಸ್ತೆ ದಾಟುವ ಶಾಲೆ ಮಗುವಿಗೆ ಕೊಡಲು ಕಾನೂನಿನ ಅಡ್ಡಿಯೇನೂ ಇಲ್ಲ ಎಂಬುದನ್ನು ಬಂಡೀಪುರ ತೋರಿಸಿಕೊಟ್ಟಿದೆ.

ಬೇರೆ ದೇಶಗಳು ಮಾಡಿದ್ದು

ಪ್ಯಾರಿಸ್ ನಗರ 2024ರ ಫೆಬ್ರುವರಿ 4ರಂದು ಜನಮತ ಕೇಳಿತು. ಮತ ಹಾಕಿದವರ ಸಂಖ್ಯೆ ಶೇ 6ನ್ನೂ ಮುಟ್ಟಲಿಲ್ಲ. ಆದರೆ ಹಾಕಿದವರಲ್ಲಿ ಶೇ 54.5ರಷ್ಟು ಜನ ಭಾರದ ಕಾರುಗಳಿಗೆ ಹೆಚ್ಚಿನ ಪಾರ್ಕಿಂಗ್ ಶುಲ್ಕ ಬೇಕೆಂದರು. 1.6 ಟನ್ ಮೀರಿದ ಪೆಟ್ರೋಲ್, ಡೀಸೆಲ್ ಕಾರು ಮತ್ತು ಎರಡು ಟನ್ ಮೀರಿದ ವಿದ್ಯುತ್ ಕಾರುಗಳಲ್ಲಿ ಹೊರಗಿನಿಂದ ಬರುವವರಿಗೆ ನಗರದ ನಡುಭಾಗದಲ್ಲಿ ಗಂಟೆಗೆ 18 ಯೂರೊ ದರ ಬಂತು. ಫ್ರಾನ್ಸ್ ದೇಶ ಹೊಸ ಕಾರಿನ ನೋಂದಣಿ ವೇಳೆ ತೂಕದ ಮೇಲೂ ತೆರಿಗೆ ಹಾಕುತ್ತದೆ. 2020ರ ಸ್ಟಾಕ್‌ಹೋಮ್ ಘೋಷಣೆ, ಜನ ಮತ್ತು ವಾಹನ ಬೆರೆಯುವ ಕಡೆ ವೇಗ ಗಂಟೆಗೆ 30 ಕಿ.ಮೀ. ದಾಟಬಾರದು ಎಂದು ಕೇಳಿತು. ಎಸ್‌ಯುವಿಯನ್ನು ರಸ್ತೆಯಿಂದಲೇ ಹೊರಹಾಕುವ ದಾರಿಯನ್ನು ಇವರಾರೂ ಹಿಡಿಯಲಿಲ್ಲ. ಭಾರಕ್ಕೆ ತಕ್ಕ ಬೆಲೆ, ಜಾಗಕ್ಕೆ ತಕ್ಕ ವೇಗ ಎಂಬುದು ಅವರ ಸೂತ್ರ.

ಇಲ್ಲಿ ಆಗಬೇಕಾದದ್ದು

ನಂಜನಗೂಡು, ನರಸೀಪುರ ಸೀಮೆಯ ಮಟ್ಟಿಗೆ ನೋಡಿದರೆ, ಎಸ್‌ಯುವಿ ಬೇಕೆ ಬೇಡವೆ ಎಂಬ ಜಗಳಕ್ಕಿಂತ ಐದು ಕೆಲಸ ಮುಖ್ಯ.

- ಹೆದ್ದಾರಿ ಊರೊಳಗೆ ಹಾಯುವಲ್ಲಿ, ಶಾಲೆ, ದೇವಸ್ಥಾನ, ಬಸ್ ನಿಲ್ದಾಣದ ಎದುರು ವೇಗದ ಮಿತಿಯನ್ನು 30 ಕಿ.ಮೀ.ಗೆ ಇಳಿಸಿ, ಕ್ಯಾಮೆರಾದಿಂದ ಜಾರಿ ಮಾಡುವುದು. ಬೆಂಗಳೂರು–ಮೈಸೂರು ಹೆದ್ದಾರಿಗೆ ಬಂದ ಕ್ಯಾಮೆರಾ ತಾಲ್ಲೂಕು ಕೇಂದ್ರಕ್ಕೂ ಬರಬೇಕು.
- ಡಾಂಬರಿನ ಅಂಚಿನಲ್ಲಿ ನಡೆಯುವವರಿಗೆ, ಸೈಕಲ್‌ಗೆ ಬೇರೆ ದಾರಿ. ಜಾತ್ರೆ, ಕುಂಭಮೇಳದ ದಿನಗಳಲ್ಲಿ ಕಾಲ್ನಡಿಗೆಯವರಿಗೆ ಒಂದಿಡೀ ಬದಿ.
- ಬುಲ್ ಗಾರ್ಡ್ ಕಳಚಿಸುವುದು, ಕಬ್ಬಿನ ಟ್ರೈಲರ್‌ಗಳಿಗೆ ಹಿಂದೆ ಹೊಳೆಯುವ ಪಟ್ಟಿ ಅಂಟಿಸುವುದು, ಹುರುಳಿ ಒಕ್ಕಣೆಗೆ ಪಂಚಾಯಿತಿಯಿಂದಲೇ ಸಾಮೂಹಿಕ ಕಣ ಕಟ್ಟಿಸುವುದು.
- ಜೀವಿತಾವಧಿ ತೆರಿಗೆಯಲ್ಲಿ ಬೆಲೆಯ ಜೊತೆ ತೂಕವನ್ನೂ ಸೇರಿಸುವುದು. ಬಾಡಿಗೆಗೆ ಓಡುವ, ಏಳು ಜನರನ್ನು ಹೊರುವ ದುಡಿಮೆಯ ಗಾಡಿಗೆ ರಿಯಾಯಿತಿ ಇರಲಿ. ಒಬ್ಬರೇ ಓಡಾಡುವ ಎರಡು ಟನ್ನಿನ ಗಾಡಿಗೆ ಬೇಡ.
- ಭಾರತ್ ಎನ್‌ಕ್ಯಾಪ್ ಪಟ್ಟಿಯಲ್ಲಿ ಹೊರಗಿನವರ ರಕ್ಷಣೆಗೂ ಪ್ರತ್ಯೇಕ ನಕ್ಷತ್ರ ಮುದ್ರಿಸುವುದು.

ಸಾರ್ವಜನಿಕ ರಸ್ತೆಯ ಮೇಲೆ ಮೊದಲ ಹಕ್ಕು ಇರುವುದು ಅಲ್ಲಿ ಅತಿ ಕಡಿಮೆ ರಕ್ಷಣೆಯಿಂದ ಓಡಾಡುವವರಿಗೆ. ಅವರಿಗೆ ಭಯ ಹುಟ್ಟಿಸದೆ ಓಡಬಲ್ಲ ಯಾವ ವಾಹನಕ್ಕೂ ಈ ರಸ್ತೆಯಲ್ಲಿ ಜಾಗವಿದೆ. ಭಾರದ ಗಾಡಿ ಇಟ್ಟುಕೊಂಡವರು ಆ ಭಾರಕ್ಕೆ ತಕ್ಕ ಹೊಣೆಯನ್ನೂ ಹೊರುವಂತೆ ಮಾಡುವುದು ಸರ್ಕಾರದ ಕೆಲಸ. ನಂಜನಗೂಡಿನ ಊರೊಳಗೆ ಆಕ್ಸಿಲರೇಟರಿನಿಂದ ಕಾಲು ತೆಗೆಯುವುದು ಮಾತ್ರ ಇಂದೇ, ಯಾವ ಆದೇಶಕ್ಕೂ ಕಾಯದೆ, ಅವರೇ ಮಾಡಬಹುದಾದ ಕೆಲಸ.